22 ತಿಂಗಳು ಬಳಸಿದ ಮಡಚು ಚಾಕು, ನಾಲ್ಕು ತಿಂಗಳಿಂದ ಅಲೆಸುತ್ತಿರುವ ವಾರಂಟಿ

ಮೊದಲೇ ಹೇಳಿಬಿಡುತ್ತೇನೆ. ಈ ಚಾಕು ನನ್ನ ಬೆರಳು ಕುಯ್ದಿದೆ. ಕೈ ಜಾರಿ ಕುಯ್ದದ್ದಲ್ಲ. ಬಿಚ್ಚಿ ಲಾಕ್ ಆಗಿದ್ದ ಚಾಕು ಕೆಲಸದ ಮಧ್ಯೆ ತಾನಾಗಿ ಮಡಚಿಕೊಂಡಿತು. ಮೂರು ಹೊಲಿಗೆ ಹಾಕಿಸಿಕೊಂಡೆ. ಕಂಪನಿಯವರು ಅದನ್ನು ‘ಸಾಮಾನ್ಯ ಸವೆತ’ ಎಂದು ಕರೆದು, ವಾರಂಟಿ ಕೊಡಲು ಬರುವುದಿಲ್ಲ ಎಂದು ಕೈ ತೊಳೆದುಕೊಂಡರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕಿಲ್ಲ. ದೂರು ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ಹೆಸರು ಎತ್ತಬೇಡಿ ಅಂತ ತಿಳಿದವರು ಹೇಳಿದ್ದಾರೆ. ಹೊರದೇಶದ ಕಂಪನಿ, ಎಂಟು ಸೆಂಟಿಮೀಟರ್ ಅಲಗು, ಡಿ2 ಉಕ್ಕು, ಲೈನರ್ ಲಾಕ್, ‘ಲೈಫ್‌ಟೈಮ್ ವಾರಂಟಿ’. ಇಂಥ ಚಾಕುಗಳು ಈಗ ಬೇಕಾದಷ್ಟು ಸಿಗುತ್ತವೆ. ನೀವೂ ಒಂದನ್ನು ನೋಡಿಟ್ಟಿದ್ದರೆ, ಇದನ್ನು ಓದಿ ಆಮೇಲೆ ದುಡ್ಡು ಕಟ್ಟಿ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ನಾಲ್ಕು ಎಕರೆ ಮಾವು, ಮುಕ್ಕಾಲು ಎಕರೆ ಟೊಮೆಟೊ, ಮನೆ ಪಕ್ಕದಲ್ಲೇ ಸಣ್ಣದೊಂದು ಕಸಿ ನರ್ಸರಿ. ನರ್ಸರಿ ನೋಡಿಕೊಳ್ಳುವವಳು ನಾನು. ಬೆಳಿಗ್ಗೆಯಿಂದ ಸಂಜೆವರೆಗೆ ಚಾಕು ಎಷ್ಟು ಸಲ ಕೈಗೆ ಬರುತ್ತದೋ ಲೆಕ್ಕವಿಲ್ಲ. ಡ್ರಿಪ್ ಪೈಪು ಕತ್ತರಿಸಬೇಕು. ಟೊಮೆಟೊ ಗಿಡ ಎತ್ತಿ ಕಟ್ಟುವ ದಾರ ಕತ್ತರಿಸಬೇಕು. 45 ಕೆ.ಜಿ. ಯೂರಿಯಾ ಚೀಲದ ಹೊಲಿಗೆ ಬಿಚ್ಚಬೇಕು. ಮಲ್ಚಿಂಗ್ ಶೀಟು ಸೀಳಬೇಕು. ಮಳೆ ಶುರುವಾದರೆ ಕಸಿ ಕಟ್ಟುವ ಕಾಲ. ಆಗ ಚಾಕು ಕೈಯಿಂದ ಕೆಳಗೆ ಇಳಿಯುವುದೇ ಇಲ್ಲ.

ಕಸಿ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ನಾಟಿ ಮಾವಿನ ಓಟೆಯಿಂದ ಬಂದ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳುತ್ತೇವೆ. ಬಾದಾಮಿಯೋ ಮಲ್ಲಿಕಾವೋ ತಳಿಯ ಮಾವಿನ ಕಡ್ಡಿ ತಂದು, ಅದರ ಬುಡವನ್ನು ಎರಡೂ ಕಡೆ ಬೆಣೆಯ ಹಾಗೆ ಕೆತ್ತಿ, ಆ ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುತ್ತೇವೆ. ಬೆಣೆಯ ಮೈ ಒಂದೇ ಎಳೆತಕ್ಕೆ ಸಮವಾಗಿ ಬರಬೇಕು. ಅಂಕುಡೊಂಕಾದರೆ ಎರಡು ತೊಗಟೆಯ ಒಳಪದರ ಒಂದಕ್ಕೊಂದು ತಾಗುವುದಿಲ್ಲ, ಕಡ್ಡಿ ಒಣಗಿಹೋಗುತ್ತದೆ. ಮೊಂಡು ಚಾಕು ಇಟ್ಟುಕೊಂಡು ನೂರು ಕಸಿ ಕಟ್ಟಿದರೆ ಎಷ್ಟು ಉಳಿಯುತ್ತವೆ ಅನ್ನುವುದು ನಮ್ಮ ಹೊಟ್ಟೆಪಾಡಿನ ಪ್ರಶ್ನೆ. ಒಳ್ಳೆಯ ಚಾಕು ಬೇಕು ಅಂತ ನಾನು ಹಂಬಲಿಸಿದ್ದು ಶೋಕಿಗಲ್ಲ.

2023ರ ಜುಲೈ ನೆನಪಿದೆಯಲ್ವಾ? ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದ ಹೊತ್ತು. ನಮಗೂ ನಾಲ್ಕು ಕಾಸು ಕೈಗೆ ಬಂದಿತ್ತು. ಬೆಂಗಳೂರಿನಲ್ಲಿರುವ ನಮ್ಮ ಮೈದುನ ಊರಿಗೆ ಬಂದಾಗ ಮೊಬೈಲಿನಲ್ಲಿ ಈ ಚಾಕುವಿನ ವಿಡಿಯೋ ತೋರಿಸಿದ. ಒಂದಲ್ಲ, ಏಳೆಂಟು. ಎಲ್ಲರೂ ಒಂದೇ ಸಮನೆ ಹೊಗಳುತ್ತಿದ್ದರು. ಕಾಗದ ಕುಯ್ದು ತೋರಿಸಿದರು, ಕೈಮೇಲಿನ ಕೂದಲು ಬೋಳಿಸಿ ತೋರಿಸಿದರು, ರಟ್ಟಿನ ಡಬ್ಬ ಸೀಳಿದರು. “ಅತ್ತಿಗೆ, ಇದನ್ನ ಒಂದ್ಸಲ ತಗೊಂಡ್ರೆ ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತೆ” ಅಂದ. ಅವನಿಗೂ ಪಾಪ, ಹಾಗೇ ಅನ್ನಿಸಿತ್ತು. 6,450 ರೂಪಾಯಿ. ಮೂರು ಬಾಕ್ಸು ಟೊಮೆಟೊ ಮಾರಿದ ದುಡ್ಡು ಅಂತ ಲೆಕ್ಕ ಹಾಕಿ ಆರ್ಡರ್ ಮಾಡಿಸಿದೆ.

ಮೊದಲ ಆರು ತಿಂಗಳ ಬಗ್ಗೆ ಸುಳ್ಳು ಹೇಳಲಾರೆ. ಚಾಕು ಬಹಳ ಚೆನ್ನಾಗಿತ್ತು. ಹೆಬ್ಬೆರಳಲ್ಲಿ ತಳ್ಳಿದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಎಡಗೈಯಲ್ಲಿ ಸಸಿ ಹಿಡಿದಿರುವಾಗ ಒಂದೇ ಕೈಯಲ್ಲಿ ಚಾಕು ಬಿಚ್ಚುವುದು, ಮಡಚುವುದು ಎಷ್ಟು ಅನುಕೂಲ ಅಂತ ಕಸಿ ಕಟ್ಟುವವರಿಗೇ ಗೊತ್ತು. ತೋಟದ ಕೆಲಸಕ್ಕೆ ಸೀರೆಯ ಮೇಲೆ ನಮ್ಮೆಜಮಾನರ ಹಳೆಯ ತುಂಬುತೋಳಿನ ಶರ್ಟು ಹಾಕಿಕೊಳ್ಳುತ್ತೇನೆ. ಅದರ ಜೇಬಿಗೆ ಕ್ಲಿಪ್ ಸಿಕ್ಕಿಸಿದರೆ ಎಲ್ಲೂ ಬೀಳುತ್ತಿರಲಿಲ್ಲ. ಬೆಣೆ ಕೆತ್ತಿದರೆ ಗಾಜಿನ ಹಾಗೆ ನುಣುಪಾಗಿ ಬರುತ್ತಿತ್ತು. ಆ ವರ್ಷದ ಕಸಿಗಳು ಚೆನ್ನಾಗಿ ಹಿಡಿದವು. ಆಗ ಯಾರಾದರೂ ಕೇಳಿದ್ದರೆ ನಾನೂ ಹೊಗಳುತ್ತಿದ್ದೆ. ಅದನ್ನು ಈಗ ನೆನೆದರೆ ಮನಸ್ಸಿಗೆ ನೋವಾಗುತ್ತದೆ, ಏಕೆಂದರೆ ನಮ್ಮೂರಿನ ಇಬ್ಬರು ನನ್ನ ಮಾತು ಕೇಳಿ ಅದೇ ಚಾಕು ತರಿಸಿಕೊಂಡರು.

ತೊಂದರೆ ಮೊದಲು ಕಂಡದ್ದು 2024ರ ಮೇ ತಿಂಗಳಲ್ಲಿ, ಮಾವಿನ ಕಾಯಿ ಇಳಿಸುವಾಗ. ತೊಟ್ಟು ಕತ್ತರಿಸಿದರೆ ಸೊನೆ ಚಿಮ್ಮುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಕಪ್ಪಾಗುವ ಸೊನೆ ಅದು. ಅಲಗಿನ ಮೇಲೆ ಬಿದ್ದದ್ದನ್ನು ಸಂಜೆ ಒರೆಸಿದರೆ ಆಯಿತು ಅಂದುಕೊಂಡಿದ್ದೆ. ಸಂಜೆಯ ಹೊತ್ತಿಗೆ ಅಲಗಿನ ತುಂಬ ಕಂದು ಚುಕ್ಕೆ. ಎಣ್ಣೆ ಹಚ್ಚಿ ಉಜ್ಜಿದೆ. ಚುಕ್ಕೆ ಹೋದವು, ಅವು ಇದ್ದ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಉಳಿದವು.

ಆಗಲೇ ನಾನು ಈ ಡಿ2 ಅಂದರೆ ಏನು ಅಂತ ಓದಲು ಶುರು ಮಾಡಿದ್ದು. ಕೊಳ್ಳುವ ಮುಂಚೆ ಓದಬೇಕಿತ್ತು, ಓದಿರಲಿಲ್ಲ. ಡಿ2 ಮೂಲತಃ ಕಾರ್ಖಾನೆಯ ಡೈ, ಪಂಚ್ ಅನ್ನುವ ಅಚ್ಚುಗಳನ್ನು ಮಾಡುವ ಉಕ್ಕು. ಅದರಲ್ಲಿ ಸುಮಾರು ಒಂದೂವರೆ ಶೇಕಡಾ ಇಂಗಾಲ, ಸುಮಾರು ಹನ್ನೆರಡು ಶೇಕಡಾ ಕ್ರೋಮಿಯಂ ಇರುತ್ತದೆ. ಅಷ್ಟು ಕ್ರೋಮಿಯಂ ಇದ್ದರೆ ಸ್ಟೀಲು ತುಕ್ಕು ಹಿಡಿಯಬಾರದಲ್ವಾ ಅನ್ನಿಸುತ್ತದೆ. ಆದರೆ ಅದರಲ್ಲಿ ಒಂದಷ್ಟು ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ. ಆ ಕಣಗಳಿಂದಲೇ ಅಂಚು ಬೇಗ ಸವೆಯುವುದಿಲ್ಲ. ತುಕ್ಕು ತಡೆಯಲು ಮಾತ್ರ ಉಳಿದ ಕ್ರೋಮಿಯಂ ಸಾಲದು. ಒಣ ಜಾಗದಲ್ಲಿ ರಟ್ಟಿನ ಡಬ್ಬ ಸೀಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಟೊಮೆಟೊ ಹುಳಿ, ಮಾವಿನ ಸೊನೆ, ಬೆವರು ಇವುಗಳ ನಡುವೆ ಕೆಲಸ ಮಾಡುವವರಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆ ಏಳೆಂಟು ವಿಡಿಯೋದಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಎಲ್ಲರೂ ಹೊಸ ಡಬ್ಬಿ ಒಡೆದು, ಅದೇ ವಾರ ಮಾತಾಡಿದವರು. ಒಂದು ಮಳೆಗಾಲ ಅದನ್ನು ಬಳಸಿದವರು ಯಾರೂ ಇರಲಿಲ್ಲ.

ಆಮೇಲಿನಿಂದ ಪ್ರತಿ ಸಂಜೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಇಡುತ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಸಾಣೆಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಅಂಚು ಬಹಳ ದಿನ ನಿಲ್ಲುತ್ತದೆ, ನಿಜ. ಆದರೆ ಒಮ್ಮೆ ಮೊಂಡಾದರೆ ಮತ್ತೆ ಎಬ್ಬಿಸುವುದು ದೊಡ್ಡ ಕಷ್ಟ. ನಮ್ಮ ಮನೆಯ ಸಾಣೆಕಲ್ಲಿಗೆ ಅದು ಬಗ್ಗಲೇ ಇಲ್ಲ. ಮುಕ್ಕಾಲು ಗಂಟೆ ಮಸೆದರೂ ಅರ್ಧ ಹರಿತ. ಸೈಕಲ್ ಮೇಲೆ ಬರುವ ಸಾಣೆಯವರಿಗೆ ಕೊಡಬೇಡಿ. ಚಕ್ರದ ಬಿಸಿಗೆ ಅಂಚು ನೀಲಿಯಾಯಿತು ಅಂದರೆ ಉಕ್ಕಿನ ಹದ ಹೋಯಿತು ಅಂತಲೇ. ನಾನು ಕೊಡಲಿಲ್ಲ. ನಾನು ಹೇಳಿದ ಆ ಇಬ್ಬರಲ್ಲಿ ಒಬ್ಬರು ಕೊಟ್ಟು ಚಾಕು ಕೆಡಿಸಿಕೊಂಡರು.

ಈಗ ಮುಖ್ಯ ಸಂಗತಿ, ಲಾಕು.

ಲೈನರ್ ಲಾಕ್ ಅಂದರೆ ಹಿಡಿಯ ಒಳಗೆ ಇರುವ ಒಂದು ತೆಳು ತಗಡು. ಅಲಗು ಪೂರ್ತಿ ಬಿಚ್ಚಿದಾಗ ಆ ತಗಡು ಸ್ಪ್ರಿಂಗಿನ ಹಾಗೆ ಪಕ್ಕಕ್ಕೆ ಸರಿದು ಅಲಗಿನ ಬಾಲಕ್ಕೆ ಅಡ್ಡ ನಿಲ್ಲುತ್ತದೆ. ಅಷ್ಟೇ. ಮಡಚಬೇಕಾದರೆ ಹೆಬ್ಬೆರಳಿನಿಂದ ತಗಡನ್ನು ಹಿಂದಕ್ಕೆ ತಳ್ಳಬೇಕು. ಹೊಸದರಲ್ಲಿ ತಗಡಿನ ತುದಿ ಅಲಗಿನ ಬಾಲದ ಈ ಕಡೆಯ ಅಂಚಿನಿಂದ ಸ್ವಲ್ಪ ಒಳಗೆ ಬಂದು ನಿಲ್ಲುತ್ತದೆ. ಉಜ್ಜಿ ಉಜ್ಜಿ ಸವೆದ ಹಾಗೆಲ್ಲ ಆ ಕಡೆಗೆ ಸರಿಯುತ್ತಾ ಹೋಗುತ್ತದೆ. ಒಳ್ಳೆಯ ಕೆಲಸಗಾರಿಕೆ ಇದ್ದರೆ ಇದಕ್ಕೆ ಹತ್ತಾರು ವರ್ಷ ಬೇಕಂತೆ. ನನ್ನದರಲ್ಲಿ 18 ತಿಂಗಳಿಗೇ ತಗಡು ಆ ಕಡೆಯ ಗೋಡೆ ಮುಟ್ಟಿತ್ತು.

ಅದೇ ಹೊತ್ತಿಗೆ ಅಲಗು ಆಚೀಚೆ ಅಲ್ಲಾಡಲೂ ಶುರುವಾಯಿತು. ನಮ್ಮದು ಕೆಂಪು ಮಣ್ಣು. ಬೇಸಿಗೆಯಲ್ಲಿ ಆ ಧೂಳು ಹಿಟ್ಟಿನ ಹಾಗೆ ಇರುತ್ತದೆ, ನುಗ್ಗದ ಸಂದಿಯಿಲ್ಲ. ಅಲಗು ತಿರುಗುವ ಜಾಗದ ಸಣ್ಣ ಬೇರಿಂಗುಗಳ ಒಳಗೆ ಸೇರಿ, ಬಿಚ್ಚಿದಾಗಲೆಲ್ಲ ಕರಕರ ಅನ್ನುತ್ತಿತ್ತು. ಡಬ್ಬಿಯ ಜೊತೆ ಒಂದು ಪುಟ್ಟ ನಕ್ಷತ್ರದ ಕೀಲಿ ಕೊಟ್ಟಿದ್ದರು. ಅದರಿಂದ ಸ್ಕ್ರೂ ಬಿಗಿ ಮಾಡಿದೆ. ಬಿಗಿ ಮಾಡಿದರೆ ಅಲಗು ಬಿಚ್ಚುವುದು ಕಷ್ಟ, ಸಡಿಲ ಬಿಟ್ಟರೆ ಅಲ್ಲಾಟ. ನಡುವಿನ ಹದ ಸಿಕ್ಕಿದರೂ ಎರಡು ದಿನಕ್ಕಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ.

2025ರ ಮೇ ಕೊನೆಯ ವಾರ. ಬೆಳಿಗ್ಗೆ ಏಳು ಗಂಟೆ ಇರಬೇಕು. ಟೊಮೆಟೊ ಸಾಲಿನಲ್ಲಿ 16 ಎಂಎಂ ಡ್ರಿಪ್ ಪೈಪು ಒಂದು ಕಡೆ ಸೀಳಿ ನೀರು ಹೋಗುತ್ತಿತ್ತು. ಕತ್ತರಿಸಿ ಜಾಯಿಂಟ್ ಹಾಕಲು ಕೂತೆ. ಅಲಗನ್ನು ಪೈಪಿಗೆ ಒತ್ತಿ ಸ್ವಲ್ಪ ತಿರುಚಿದೆ. ಎಲ್ಲರೂ ಹಾಗೇ ಕತ್ತರಿಸುವುದು. ಒಳಗೆ ಟಕ್ ಅಂತ ಸದ್ದಾಯಿತು. ಅಲಗು ಹಿಂದಕ್ಕೆ ಬಂದು ಬಲಗೈ ತೋರುಬೆರಳಿನ ಮೇಲೆ ಕೂತಿತು. ಮೊದಲು ನೋವೇ ಗೊತ್ತಾಗಲಿಲ್ಲ. ಪೈಪಿನ ನೀರು ಕೆಂಪಾದದ್ದು ನೋಡಿದ ಮೇಲೆ ಗೊತ್ತಾಯಿತು.

ಮಾವ ಓಡಿ ಬಂದು ಟವೆಲು ಸುತ್ತಿದರು. “ಕೈ ಮೇಲಕ್ಕೆ ಎತ್ತಿ ಹಿಡ್ಕೊಳಮ್ಮ, ಕೆಳಗೆ ಬಿಡಬೇಡ” ಅಂದರು. ಬೈಕಿನಲ್ಲಿ ಆಸ್ಪತ್ರೆಗೆ ಹೋದೆವು. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ನರ ಉಳಿದಿದೆ, ಅದೃಷ್ಟ ಅಂದರು ಡಾಕ್ಟರು. ಆದರೆ ಮಳೆ ಬಿದ್ದು ಕಸಿ ಶುರುವಾಗುವ ಹೊತ್ತಿಗೆ ಸರಿಯಾಗಿ ಮೂರು ವಾರ ನಾನು ಒಂದು ಕಡ್ಡಿಯನ್ನೂ ಕೆತ್ತಲಿಲ್ಲ. ಕೂಲಿಗೆ ಜನ ಇಟ್ಟು ಕಟ್ಟಿಸಿದೆ. ಈಗಲೂ ಆ ಬೆರಳಿನ ತುದಿಯಲ್ಲಿ ಜೋಮು ಹಿಡಿದ ಹಾಗಿದೆ. ಪಟ್ಟಿ ಸುತ್ತುವಾಗ ಬಿಗಿ ಎಷ್ಟಾಯಿತು ಅಂತ ತಿಳಿಯುವುದು ಆ ಬೆರಳಿನಿಂದಲೇ.

ಗಾಯ ಆರುತ್ತಿದ್ದ ಹಾಗೆ ವಾರಂಟಿ ಹಿಡಿದುಕೊಂಡು ಹೊರಟೆ. ತೋತಾಪುರಿ ಬೆಲೆ ಬಿದ್ದು, ಪಕ್ಕದ ಚಿತ್ತೂರು ಜಿಲ್ಲೆಗೆ ನಮ್ಮ ಕಾಯಿ ಬಿಡದೆ ತಡೆದ ಜೂನ್ ಅದು. ಮನೆಯಲ್ಲಿ ಎಲ್ಲರಿಗೂ ಅದೇ ಚಿಂತೆ. ಆ ಗಲಾಟೆಯ ನಡುವೆ ನಾನು ರಾತ್ರಿ ಕೂತು, ಎಡಗೈಯಲ್ಲಿ ಟೈಪ್ ಮಾಡಿ ಇಮೇಲ್ ಕಳಿಸಿದೆ. ಮಾರಿದ ಆನ್‌ಲೈನ್ ಅಂಗಡಿಯವರು, ವಾರಂಟಿ ನಮ್ಮದಲ್ಲ, ಕಂಪನಿಯನ್ನು ಕೇಳಿ ಅಂದರು. ಕಂಪನಿಯವರು ಒಂಬತ್ತು ದಿನ ಬಿಟ್ಟು, ಇಂಡಿಯಾದ ವಿತರಕರನ್ನು ಕೇಳಿ ಅಂದರು. ವಿತರಕರು ಬಿಲ್ಲು ಕೇಳಿದರು, ಕೊಟ್ಟೆ. ಫೋಟೊ ಕೇಳಿದರು, ಕಳಿಸಿದೆ. ಲಾಕು ಜಾರುವ ವಿಡಿಯೋ ಕೇಳಿದರು. ಚಾಕುವನ್ನು ಹಲಗೆಗೆ ಒತ್ತಿ ಅದೂ ಮಾಡಿ ಕಳಿಸಿದೆ. ಆಮೇಲೆ, ನಿಮ್ಮ ಖರ್ಚಿನಲ್ಲಿ ಚಾಕು ನಮಗೆ ಕಳಿಸಿಕೊಡಿ ಅಂದರು.

ಇಲ್ಲಿಂದ ಚಾಕು ಕಳಿಸುವುದು ಎಷ್ಟು ಕಷ್ಟ ಅನ್ನುವುದು ನಗರದವರಿಗೆ ಗೊತ್ತಿರಲಾರದು. ಶ್ರೀನಿವಾಸಪುರದ ಕೊರಿಯರಿನವರು ಚಾಕು ಅಂದ ತಕ್ಷಣ ತಲೆ ಆಡಿಸಿದರು. ಕೋಲಾರಕ್ಕೆ ಹೋಗಿ ಇನ್ನೊಂದು ಕಡೆ ಕೇಳಿದೆ, ಅಲ್ಲೂ ಅದೇ. ಕೊನೆಗೆ ಅಂಚೆ ಕಚೇರಿಯಲ್ಲಿ ಕೇಳಿದಾಗ, ಅಲಗು ಹೊರಗೆ ಬರದ ಹಾಗೆ ಭದ್ರವಾಗಿ ಸುತ್ತಿದ್ದರೆ ತಗೊಳ್ಳುತ್ತೇವಮ್ಮ ಅಂದರು. ಅಲಗನ್ನು ಮಡಚಿ, ಹಿಡಿಯ ಸುತ್ತ ಟೇಪ್ ಹಾಕಿ, ಎರಡು ಪದರ ರಟ್ಟಿನಲ್ಲಿ ಕಟ್ಟಿ ಸ್ಪೀಡ್ ಪೋಸ್ಟ್ ಮಾಡಿದೆ. ಒಂದು ದಿನದ ಕೆಲಸ ಹೋಯಿತು. ಚಾಕು ತಲುಪಿದೆ ಅಂತ ಅಂಚೆಯವರ ಮೆಸೇಜು ನಾಲ್ಕನೇ ದಿನ ಬಂತು. ವಿತರಕರಿಂದ ಐದು ವಾರ ಒಂದು ಮಾತೂ ಬರಲಿಲ್ಲ.

ಐದು ವಾರ ಆದ ಮೇಲೆ ನಾನೇ ಫೋನ್ ಮಾಡಿದೆ. ಎತ್ತಿದ ಹುಡುಗನಿಗೆ ಪುಣ್ಯಕ್ಕೆ ಕನ್ನಡ ಬರುತ್ತಿತ್ತು.

“ಮೇಡಂ, ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ. ಬ್ಲೇಡ್ ಮೇಲೆ ರಸ್ಟ್ ಇದೆ. ಸರಿಯಾಗಿ ನೋಡ್ಕೊಂಡಿಲ್ಲ ಅಂತ ರಿಪೋರ್ಟ್ ಬಂದಿದೆ.”

“ನಾನು ದೂರು ಕೊಟ್ಟಿದ್ದು ತುಕ್ಕಿಗಲ್ಲಪ್ಪ. ಲಾಕ್ ಜಾರಿ ಬೆರಳು ಕುಯ್ದಿದೆ.”

“ಲಾಕ್ ಸವೆಯೋದು ನಾರ್ಮಲ್ ಮೇಡಂ. ಆಮೇಲೆ ಸ್ಕ್ರೂ ಮೇಲೆ ಮಾರ್ಕ್ ಇದೆ. ನೀವು ಓಪನ್ ಮಾಡಿದ್ದೀರ. ಓಪನ್ ಮಾಡಿದ್ರೆ ವಾರಂಟಿ ಹೋಗುತ್ತೆ.”

“ಬಿಚ್ಚಿಲ್ಲಪ್ಪ, ಬಿಗಿ ಮಾಡಿದ್ದೀನಿ. ಬಿಗಿ ಮಾಡೋ ಕೀಲಿಯನ್ನ ಡಬ್ಬಿಯಲ್ಲಿ ಇಟ್ಟು ಕೊಟ್ಟವರು ಯಾರು? ನೀವೇ ಅಲ್ವಾ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ನಂಗೂ ಅರ್ಥ ಆಗುತ್ತೆ ಅಕ್ಕ. ಆದ್ರೆ ನನ್ನ ಕೈಯಲ್ಲಿ ಏನೂ ಇಲ್ಲ” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ ಮೇಲೆ ಇಮೇಲ್ ಬಂತು. ಅದರಲ್ಲಿ ಇನ್ನೊಂದು ಸಾಲು ಸೇರಿಸಿದ್ದರು. ಕೃಷಿ ಕೆಲಸ ‘ಸಾಮಾನ್ಯ ಬಳಕೆ’ಯಲ್ಲಿ ಬರುವುದಿಲ್ಲವಂತೆ. ಈ ಮಾತು ನನಗೆ ಬೆರಳಿನ ಗಾಯಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಮಾರುವ ಪುಟದಲ್ಲಿ ತೋಟ, ಕಾಡು, ಕ್ಯಾಂಪು ಅಂತ ಚಿತ್ರ ಹಾಕಿದ್ದರು. ದಾರ, ಪೈಪು, ಕಡ್ಡಿ ಕತ್ತರಿಸುವುದು ಚಾಕುವಿನ ಸಾಮಾನ್ಯ ಕೆಲಸ ಅಲ್ಲದಿದ್ದರೆ ಮತ್ತೆ ಯಾವುದು? ಚಾಕು ವಾಪಸ್ ಬೇಕಾದರೆ 350 ರೂಪಾಯಿ ಕಟ್ಟಬೇಕು ಅಂತಲೂ, ಮುಂದಿನ ಖರೀದಿಗೆ ಇಪ್ಪತ್ತು ಶೇಕಡಾ ರಿಯಾಯಿತಿ ಕೂಪನ್ ಅಂತಲೂ ಬರೆದಿದ್ದರು. ಕೂಪನ್ ಬೇಡ ಅಂದೆ. 350 ಕಟ್ಟಿ ಚಾಕು ತರಿಸಿಕೊಂಡೆ. ಅದು ಅವರ ಹತ್ತಿರವೇ ಉಳಿದರೆ ನನ್ನ ಕೈಯಲ್ಲಿ ಸಾಕ್ಷಿ ಏನು ಇರುತ್ತದೆ?

ನನ್ನ ಹಾಗೆ ಸಿಕ್ಕಿಬಿದ್ದವರಿಗೆ ಉಪಯೋಗಕ್ಕೆ ಬರಬಹುದು ಅಂತ, ನಾನು ಕೇಳಿ ತಿಳಿದದ್ದನ್ನು ಹೇಳುತ್ತೇನೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ, ದೂರು ಬರೆದುಕೊಂಡು ನಂಬರ್ ಕೊಡುತ್ತಾರೆ. ಆನ್‌ಲೈನ್ ಅಂಗಡಿಗಳಿಗೆ 2020ರ ನಿಯಮ ಇದೆ. ದೂರು ಬಂದ 48 ಗಂಟೆಯೊಳಗೆ ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. 2019ರ ಗ್ರಾಹಕ ಕಾಯ್ದೆ ಬಂದ ಮೇಲೆ ಕಂಪನಿ ಇರುವ ಊರಿಗೆ ಓಡಬೇಕಿಲ್ಲ. ನಾವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷದೊಳಗಿನ ವಸ್ತುವಿಗೆ ಶುಲ್ಕ ಇಲ್ಲ. ದೂರಿಗೆ ಕಾರಣವಾದದ್ದು ನಡೆದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. ವ್ಯಾಪಾರಕ್ಕೆ ಕೊಂಡಿದ್ದೀರಿ, ನೀವು ಗ್ರಾಹಕರಲ್ಲ ಅಂತ ಅವರು ವಾದ ಮಾಡಬಹುದು ಅನ್ನುವ ಹೆದರಿಕೆ ನನಗಿತ್ತು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಬಳಸಿದ್ದಾದರೆ ನಾವು ಗ್ರಾಹಕರೇ ಅಂತ ಕಾಯ್ದೆಯಲ್ಲೇ ಬರೆದಿದೆ. ಅದನ್ನು ಓದಿದ ದಿನ ಧೈರ್ಯ ಬಂತು.

1915ಕ್ಕೆ ಹೇಳಿದ ಮೇಲೆ ವಿತರಕರಿಂದ ಅದೇ ಹಳೆಯ ಉತ್ತರ ಇನ್ನೊಂದು ಸಲ ಬಂದಿದೆ.

ಈಗ ಏನು ಬಳಸುತ್ತಿದ್ದೀಯಾ ಅಂತ ನನ್ನ ಮಾತು ಕೇಳಿ ಚಾಕು ತರಿಸಿದ್ದ ಆ ಇನ್ನೊಬ್ಬರು ಕೇಳಿದರು. ಕಸಿಗೆ ಸ್ಟೇಷನರಿ ಅಂಗಡಿಯ ಕಟರ್. ಮೊಂಡಾದರೆ ತುದಿ ಮುರಿದು ಮುಂದಕ್ಕೆ ತಳ್ಳಿದರೆ ಹೊಸ ಅಂಚು. ಪೈಪಿಗೆ, ಚೀಲಕ್ಕೆ ಸಣ್ಣ ಕುಡುಗೋಲು. ಜೇಬಿನಲ್ಲಿ ಇಡಲು ಆಗುವುದಿಲ್ಲ, ಮರೆತು ಬಂದರೆ ಸಾಲಿನ ಉದ್ದಕ್ಕೂ ಹುಡುಕಬೇಕು. ಮಡಚು ಚಾಕುವಿನ ಅನುಕೂಲ ಇಲ್ಲವೇ ಇಲ್ಲ, ಅದು ನನಗೂ ಬೇಕು ಅನ್ನಿಸುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಿಂದ ತಿರುಗಿಸುವ ಉಂಗುರದ ಲಾಕು ಇದೆ. ಉಂಗುರ ತಿರುಗಿಸಿದರೆ ಅಲಗಿನ ಬುಡಕ್ಕೇ ಅಡ್ಡ ಬರುತ್ತದೆ. ಅದರಲ್ಲಿ ಸ್ಟೇನ್‌ಲೆಸ್ ಅಲಗೂ ಸಿಗುತ್ತದೆ. ನಾನಿನ್ನೂ ಕೊಂಡಿಲ್ಲ, ಆದ್ದರಿಂದ ಹೊಗಳುವುದಿಲ್ಲ. ಹೊಗಳುವುದಾದರೆ ಎರಡು ಮಾವಿನ ಫಸಲು ಕಳೆದ ಮೇಲೆ.

ನಿಮ್ಮ ಹತ್ತಿರ ಲೈನರ್ ಲಾಕಿನ ಚಾಕು ಈಗಾಗಲೇ ಇದ್ದರೆ ದಯವಿಟ್ಟು ಇವತ್ತೇ ನೋಡಿ. ಅಲಗು ಪೂರ್ತಿ ಬಿಚ್ಚಿ, ಹಿಡಿಯ ಸಂದಿಯಲ್ಲಿ ತಗಡು ಎಲ್ಲಿ ನಿಂತಿದೆ ಅಂತ ಬೆಳಕಿಗೆ ಹಿಡಿಯಿರಿ. ಅಲಗಿನ ಬಾಲದ ಅರ್ಧಕ್ಕಿಂತ ಆಚೆ ಹೋಗಿದ್ದರೆ ಜಾಗ್ರತೆ. ಆ ಕಡೆಯ ಗೋಡೆಗೆ ತಾಗಿದ್ದರೆ ಇನ್ನು ಅದನ್ನು ಒತ್ತಡದ ಕೆಲಸಕ್ಕೆ ಬಳಸಬೇಡಿ. ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟುಕೊಂಡು, ಅಲಗಿನ ಬೆನ್ನನ್ನು ಹಲಗೆಗೆ ಮೆಲ್ಲಗೆ ಒತ್ತಿ. ಲಾಕು ಸ್ವಲ್ಪ ಸರಿದರೂ ಅದನ್ನು ಮಕ್ಕಳ ಕೈಗಾಗಲಿ ಕೂಲಿಯವರ ಕೈಗಾಗಲಿ ಕೊಡಬೇಡಿ. ನಾನು ಇದನ್ನು ನೋಡಲು ಕಲಿತದ್ದು ಹೊಲಿಗೆ ಬಿದ್ದ ಮೇಲೆ.

ಸ್ಟಾರ್ ಕೊಡಬೇಕಂತೆ. ಐದಕ್ಕೆ ಒಂದು ಕೊಡುತ್ತೇನೆ, ಆ ಒಂದು ಮೊದಲ ವರ್ಷದ ಹರಿತಕ್ಕೆ. ವಾರಂಟಿಗೆ ಏನೂ ಇಲ್ಲ.

ಚಾಕು ಈಗ ಬೀರುವಿನಲ್ಲಿದೆ, ಅದೇ ರಟ್ಟಿನಲ್ಲಿ, ಬಿಲ್ಲು, ಆಸ್ಪತ್ರೆ ಚೀಟಿ, ಇಮೇಲ್ ಪ್ರಿಂಟುಗಳ ಜೊತೆ. ಇನ್ನು ಇನ್ನೂರು ಸಸಿ ಕಟ್ಟುವುದು ಬಾಕಿ ಇದೆ. ಅದು ಮುಗಿದ ಮಾರನೆಯ ಸೋಮವಾರ ಕೋಲಾರದ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ಮಾವ ನಾನೂ ಬರುತ್ತೇನೆ ಅಂದಿದ್ದಾರೆ.